ಲಾಭ ಅವರಿಗೆ, ಬಿಲ್ಲು ನಮಗೆ!

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಸ್ನೇಹಿತರಿದ್ದರೆ ಕೇಳಿ ನೋಡಿ. ಹಾಸಿಗೆಯಿಂದ ಏಳಲಾಗದ ಮಗ, ಅವನ ಪಕ್ಕ ಕೂತೇ ಮುದುಕಿಯಾದ ಅಮ್ಮ... ಗೇರು ತೋಪಿನ ಆಸುಪಾಸಿನಲ್ಲಿ ಇಂಥ ಮನೆ ಒಂದೆರಡಲ್ಲ. "ನಾನು ಹೋದ ಮೇಲೆ ಇವನಿಗೆ ಯಾರು?" ಅನ್ನೋದು ಆ ಅಮ್ಮಂದಿರ ಚಿಂತೆ. ನನ್ನ ಪ್ರಶ್ನೆ ಇಷ್ಟೇ: ಇದಕ್ಕೆಲ್ಲ ದುಡ್ಡು ಕೊಡಬೇಕಾದವರು ಯಾರು?

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಗೇರಿಗೆ ಟೀ ಸೊಳ್ಳೆ ಕಾಟ ಅಂತ 1980ರ ದಶಕದಿಂದ 2000ದವರೆಗೂ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಕರಾವಳಿಯ ತನ್ನ ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಗಾಳಿಗೆ ಬೇಲಿ ಉಂಟೇ? ಕಾಸರಗೋಡಿನಲ್ಲೂ ಇದೇ ಕಥೆ, ಅಲ್ಲಿ ಸಿಂಪಡಿಸಿದ್ದು ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್. 'ಅಡಿಕೆ ಪತ್ರಿಕೆ'ಯ ಶ್ರೀ ಪಡ್ರೆ, ವಾಣಿನಗರದ ಡಾ. ಮೋಹನ್ ಕುಮಾರ್ ವರ್ಷಗಟ್ಟಲೆ ಬಾಯಿ ಬಡಕೊಂಡರು. ಸುಪ್ರೀಂ ಕೋರ್ಟ್ ದೇಶಾದ್ಯಂತ ಅದರ ತಯಾರಿಕೆ, ಮಾರಾಟ ತಡೆದದ್ದು 2011ರ ಮೇ 13ರಂದು!

ಈಗ ಸರ್ಕಾರ ಸಂತ್ರಸ್ತರಿಗೆ ಮಾಸಾಶನ ಕೊಡುತ್ತದೆ. ಕೊಡಲೇಬೇಕು. ಆದರೆ ಅದು ನಿಮ್ಮ, ನನ್ನ ತೆರಿಗೆ ದುಡ್ಡು. ವಿಷ ತಯಾರಿಸಿ ಮಾರಿದ ಕಂಪನಿಗಳು? ಅವುಗಳಲ್ಲಿ ಕೇಂದ್ರ ಸರ್ಕಾರದ್ದೇ ಆದ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಕೂಡ ಒಂದು. ಲಾಭ ಕಂಪನಿಗೆ, ನರಳಾಟ ಮಗನಿಗೆ, ಚಾಕರಿ ಅಮ್ಮನಿಗೆ, ಬಿಲ್ಲು ಊರಿಗೆ. ಇದು ಯಾವ ನ್ಯಾಯ?

2017ರ ಜನವರಿ 10ರಂದು ಸುಪ್ರೀಂ ಕೋರ್ಟ್, ಸಂತ್ರಸ್ತರಿಗೆ ಬಾಕಿ ಇರುವ ಪರಿಹಾರವನ್ನು ಮೂರು ತಿಂಗಳಲ್ಲಿ ಕೊಡಿ ಅಂತ ಕೇರಳಕ್ಕೆ ಹೇಳಿತು. ಆ ಹಣವನ್ನು ಉದ್ಯಮದಿಂದ ವಸೂಲು ಮಾಡಿಕೊಳ್ಳಬಹುದು ಅಂತಲೂ ಹೇಳಿತು. ಅದೇ ದಾರಿಯನ್ನು ನಮ್ಮ ಸರ್ಕಾರವೂ ಯಾಕೆ ಹಿಡಿಯಬಾರದು? ಸಿಂಪಡಿಸಿದ ನಿಗಮವೂ ತನ್ನದೇ, ಬೆರಳು ತನ್ನ ಕಡೆಗೇ ತಿರುಗೀತು ಅನ್ನೋ ಅಳುಕೋ? ತಿರುಗಲಿ ಬಿಡಿ. ಇಬ್ಬರೂ ಕೊಡಲಿ.

"ಈ ಕಾಯಿಲೆ ಅದರಿಂದಲೇ ಬಂತು ಅನ್ನೋದಕ್ಕೆ ಸಾಕ್ಷಿ ಏನು?" ಅನ್ನುವವರು ಇದ್ದೇ ಇದ್ದಾರೆ. ಸ್ವಾಮೀ, ಕೀಟದ ನರಮಂಡಲವನ್ನು ಕೆಡಿಸಿಯೇ ಕೊಲ್ಲುವ ವಿಷ ಅದು. ಜನ ಇರುವ ಊರಲ್ಲಿ ಅದನ್ನು ಆಕಾಶದಿಂದ ಸುರಿಯುವ ಮೊದಲು 'ಏನೂ ಆಗಲ್ಲ' ಅಂತ ಸಾಬೀತು ಮಾಡಬೇಕಿದ್ದು ಮಾರಿದವರೋ, ಇಲ್ಲಾ ಮಾತೇ ಬಾರದ ಆ ಹುಡುಗನೋ?

ಮಾರಿದವರಿಂದ ವಸೂಲು ಮಾಡಿ. ಅಮ್ಮ ಹೋದ ಮೇಲೂ ಹಗಲು ರಾತ್ರಿ ಆ ಮಗನನ್ನು ನೋಡಿಕೊಳ್ಳುವ ವ್ಯವಸ್ಥೆಯನ್ನು ಆ ದುಡ್ಡಲ್ಲಿ ಅವನ ತಾಲೂಕಿನಲ್ಲೇ ಮಾಡಿ. ಅವನು ಕೇಳುತ್ತಿರುವುದು ಭಿಕ್ಷೆ ಅಲ್ಲ, ಬಾಕಿ.

ನೀವೇನಂತೀರಿ?