ಗಿಟಾರ್ ನುಡಿಸಿದ್ದು ಯಾರು ಸ್ವಾಮಿ?

(1/4)

ಮೊದಲು ಫೋಟೋ ನೋಡಿ. ಇದು ನಮ್ಮ ಕೆಳಗಿನ ಮನೆ ತಾತನ ಪಿಟೀಲು ಪೆಟ್ಟಿಗೆ. ಒಳಗಿನ ವೆಲ್ವೆಟ್ ಅರ್ಧ ಹೋಗಿದೆ, ರೋಸಿನ್ ತುಂಡು ಒಂದು ಬೆಂಕಿಪೊಟ್ಟಣದಲ್ಲಿ ಕೂತಿದೆ.

ತಾತ ಮದ್ರಾಸಿನ ಸ್ಟುಡಿಯೋಗಳಲ್ಲಿ ವರ್ಷಗಟ್ಟಲೆ ನುಡಿಸಿದವರು. ಸೋಲೋ ಅಲ್ಲ, ಗುಂಪಿನಲ್ಲಿ. ಬೆಳಿಗ್ಗೆ ಒಂದು ಕಾಲ್‌ಶೀಟ್, ಮಧ್ಯಾಹ್ನ ಇನ್ನೊಂದು. ಈಗ ವಸಂತಪುರದಲ್ಲಿ ಮಗನ ಮನೆ, ಸಂಜೆ ವಸಂತ ವಲ್ಲಭರಾಯನ ದೇವಸ್ಥಾನದವರೆಗೆ ಒಂದು ನಡಿಗೆ.

ಈ ಸಲ ಗಣೇಶನ ಪೆಂಡಾಲ್‌ನಲ್ಲಿ ಒಂದು ಹಳೇ ಕನ್ನಡ ಹಾಡು ಹಾಕಿದ್ರು. ತಾತ ನಿಂತುಬಿಟ್ರು. "ಇದ್ರಲ್ಲಿ ನಾನಿದ್ದೀನಿ ಕಣಪ್ಪಾ. ಎರಡನೇ ಸಾಲು, ಕೊನೇ ಕುರ್ಚಿ." ಪಕ್ಕದಲ್ಲಿದ್ದ ಮೊಮ್ಮಗ ತಕ್ಷಣ ಫೋನ್ ತೆಗೆದು ಹುಡುಕಿದ. ಹಾಡಿದವರು ಬಂದ್ರು, ಬರೆದವರು ಬಂದ್ರು, ಸಂಗೀತ ನಿರ್ದೇಶಕರು, ಕ್ಯಾಸೆಟ್ ಕಂಪನಿ, ಎಲ್ಲಾ ಬಂತು. "ತಾತ, ನಿಮ್ ಹೆಸರೇ ಇಲ್ವಲ್ಲ!"

ತಾತ ನಕ್ಕರು. ನನಗೆ ನಗು ಬರಲಿಲ್ಲ. ಅದಕ್ಕೇ ಈ ವಾರ ನಾಲ್ಕು ಪೋಸ್ಟ್.

(2/4)

ಇದು ನಮ್ಮಲ್ಲಿ ಮಾತ್ರ ಇರೋ ಕಾಯಿಲೆ ಅಂದ್ಕೋಬೇಡಿ. ಬೀಟಲ್ಸ್ ಕಥೆ ಕೇಳಿ. 1967ರ 'ಸಾರ್ಜೆಂಟ್ ಪೆಪ್ಪರ್ಸ್' ರೆಕಾರ್ಡಿನಲ್ಲಿ 'ವಿದಿನ್ ಯು ವಿದೌಟ್ ಯು' ಅಂತ ಒಂದು ಹಾಡಿದೆ. ಜಾರ್ಜ್ ಹ್ಯಾರಿಸನ್ ಬಿಟ್ಟರೆ ಉಳಿದ ಮೂವರು ಬೀಟಲ್ಸ್ ಅದರಲ್ಲಿ ಇಲ್ಲವೇ ಇಲ್ಲ. ಹಾಗಾದ್ರೆ ಆ ದಿಲ್‌ರುಬಾ, ತಬಲಾ, ತಂಬೂರಿ ಯಾರದ್ದು? ಲಂಡನ್ನಿನಲ್ಲಿದ್ದ ನಮ್ಮ ದೇಶದ ಸಂಗೀತಗಾರರದ್ದು. ಕವರ್ ಮೇಲೆ ಅವರ ಹೆಸರಿಲ್ಲ. ಗುಂಪು ಗುಂಪಾಗಿ ನಿಂತ ಅಷ್ಟು ಜನರ ಮುಖ ಇರೋ ಆ ಪ್ರಸಿದ್ಧ ಕವರ್‌ನಲ್ಲಿ, ನುಡಿಸಿದವರಿಗೆ ಒಂದು ಸಾಲಿನ ಜಾಗ ಸಿಗಲಿಲ್ಲ.

ಆ ಹೆಸರುಗಳು ಹೊರಗೆ ಬಂದದ್ದು 2017ರಲ್ಲಿ, ರೆಕಾರ್ಡಿಗೆ ಐವತ್ತು ತುಂಬಿದಾಗ, ಲಿವರ್‌ಪೂಲ್ ವಿಶ್ವವಿದ್ಯಾಲಯದವರು ಹುಡುಕಿದ ಮೇಲೆ. ದಿಲ್‌ರುಬಾ ಅನ್ನಾ ಜೋಶಿ ಮತ್ತು ಅಮೃತ್ ಗಜ್ಜರ್, ತಂಬೂರಿ ಬುದ್ಧದೇವ್ ಕನ್ಸಾರ, ತಬಲಾ ನಟವರ್ ಸೋನಿ. ಒಂದ್ಸಲ ಜೋರಾಗಿ ಓದಿ. ಐವತ್ತು ವರ್ಷ ಯಾರೂ ಓದದೇ ಇದ್ದ ಹೆಸರುಗಳು.

ಅದರ ಹಿಂದಿನ ವರ್ಷದ 'ರಿವಾಲ್ವರ್' ಕವರ್ ಮೇಲೆ ತಬಲಾ ನುಡಿಸಿದ ಅನಿಲ್ ಭಾಗವತ್ ಹೆಸರು ಅಚ್ಚಾಗಿದೆ. ಅಂದ್ರೆ ಹಾಕೋಕೆ ಬರ್ತಿತ್ತು. 1968ರಲ್ಲಿ ಹ್ಯಾರಿಸನ್‌ನ ಇನ್ನೊಂದು ಹಾಡಿಗೆ ಎರಿಕ್ ಕ್ಲಾಪ್ಟನ್ ಗಿಟಾರ್ ನುಡಿಸಿದ, ಅವನ ಹೆಸರೂ ಕವರ್ ಮೇಲೆ ಇರಲಿಲ್ಲ. ಆದ್ರೆ ಕ್ಲಾಪ್ಟನ್ ಹೆಸರು ತಿಳಿಯೋಕೆ ಜಗತ್ತಿಗೆ ಅರ್ಧ ಶತಮಾನ ಬೇಕಾಗಲಿಲ್ಲ ನೋಡಿ.

(3/4)

ಈಗ ನಮ್ಮ ಮನೆಗೆ ಬನ್ನಿ.

ಎಪ್ಪತ್ತರ ದಶಕದ ಶುರುವಿನ ಕನ್ನಡ ಹಾಡುಗಳನ್ನ ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಜಿ.ಕೆ. ವೆಂಕಟೇಶ್ ಸಂಗೀತ ಅಂದ್ರೆ ಸಾಕು, ಗಿಟಾರ್ ಮೇಲೆ ಕಿವಿ ಇಡಿ. ಅವರ ಮದ್ರಾಸಿನ ತಂಡದಲ್ಲಿ ಗಿಟಾರ್ ನುಡಿಸ್ತಾ, ಸಹಾಯಕನಾಗಿ ದುಡೀತಾ ಇದ್ದ ಒಬ್ಬ ಹುಡುಗ ಇದ್ದ. ಹೆಸರು ಇಳಯರಾಜ. ಆಮೇಲೆ ಅದೇ ಹುಡುಗ 'ಗೀತಾ' ಮಾಡಿದ, 'ಪಲ್ಲವಿ ಅನುಪಲ್ಲವಿ' ಮಾಡಿದ, ನಾವೆಲ್ಲ ಕುಣಿದ್ವಿ. ಅವನು ದೊಡ್ಡವನಾದ್ದರಿಂದ ಹಳೇ ಗಿಟಾರ್ ಕಥೆ ನಮಗೆ ಗೊತ್ತಾಯ್ತು. ಪಕ್ಕದ ಕುರ್ಚಿಯವರು ದೊಡ್ಡವರಾಗಲಿಲ್ಲ, ಅವರ ಕಥೆ ಬರಲಿಲ್ಲ. ಇಷ್ಟೇ ಲೆಕ್ಕ.

ರಾಜನ್–ನಾಗೇಂದ್ರ ಜೋಡಿ ನೋಡಿ. ಮೈಸೂರಿನ ಅಣ್ಣ ತಮ್ಮ. ರಾಜನ್ ಪಿಟೀಲು ಕಲಿತವರು, ನಾಗೇಂದ್ರ ಜಲತರಂಗ. ಸಂಗೀತ ನಿರ್ದೇಶಕರು ಏನು ಕಲಿತಿದ್ರು ಅನ್ನೋದು ಕೂಡ ನಮಗೆ ಗೊತ್ತು. ಹಾಡಿನ ಮಧ್ಯದ ಆ ಮ್ಯಾಂಡೊಲಿನ್ ತುಣುಕು ಯಾರ ಬೆರಳಿನದು ಅಂತ ಕೇಳಿದ್ರೆ ಕವರ್ ಮೌನ.

ಕವರ್ ಮೌನವಾದಾಗ ನಮ್ಮಂಥ ಪೇಜ್‌ಗಳು ಬಾಯಿ ತೆರೀತೀವಿ. ತಪ್ಪೊಪ್ಪಿಗೆ: ಎರಡು ತಿಂಗಳ ಹಿಂದೆ ನಾನೂ ಒಂದು ಹಾಡಿನ ಆರಂಭ "ಸಾರಂಗಿ" ಅಂತ ಬರೆದು ಬೀಗಿದ್ದೆ. ತಾತನಿಗೆ ಕೇಳಿಸಿದೆ. "ಸಾರಂಗಿಗೆ ಮೆಟ್ಟಿಲಿಲ್ಲಪ್ಪಾ, ಉಗುರಿನ ಬುಡದಲ್ಲಿ ತಂತಿ ಒತ್ತಬೇಕು. ಇದು ಮೆಟ್ಟಿಲಿರೋ ವಾದ್ಯ, ದಿಲ್‌ರುಬಾ ಥರದ್ದು. ಜಾರೋವಾಗ ಕೇಳು" ಅಂದ್ರು. ಮೂರು ಸಲ ಕೇಳಿದ ಮೇಲೆ ನನಗೂ ಕೇಳಿಸ್ತು. ಎಲೆಕ್ಟ್ರಿಕ್ ಸಿತಾರ್ ಅಂತ ಒಂದು ಬೇರೆ ಇದೆ, ಅದು ಗಿಟಾರೇ, ಸೇತುವೆ ಬದಲಾಯಿಸಿ ಜುಯ್ ಅನ್ನಿಸ್ತಾರೆ. ಸ್ಟೀಲಿ ಡ್ಯಾನ್ 1972ರಲ್ಲಿ ಬಳಸಿದ್ದು ಅದನ್ನೇ, ಇವತ್ತಿಗೂ ಅರ್ಧ ಜನ ಅದನ್ನ ನಮ್ಮ ಸಿತಾರ್ ಅಂತಾರೆ. ಕಿವಿಯಿಂದ ವಾದ್ಯ ಹಿಡಿಯೋದೇ ಇಷ್ಟು ಕಷ್ಟ. ಕಿವಿಯಿಂದ ಮನುಷ್ಯನನ್ನ ಹಿಡಿಯೋದು ಹೇಗೆ?

ಆದ್ದರಿಂದ ನನ್ನ ಮೊದಲ ಜಗಳ ನಮ್ಮ ಜೊತೆಗೇ. "ಇದು ಪಕ್ಕಾ ಇಂಥವರೇ ನುಡಿಸಿದ್ದು" ಅಂತ ಸ್ಟೈಲ್ ಕೇಳಿ ಹೆಸರು ಅಂಟಿಸಬೇಡಿ. ಹಾಗೆ ಅಂಟಿಸಿದಾಗ ಯಾವಾಗಲೂ ದೊಡ್ಡ ಹೆಸರೇ ಅಂಟುತ್ತೆ. ನಿಜವಾಗಿ ನುಡಿಸಿದವನು ಎರಡನೇ ಸಲ ಅಳಿಸಿಹೋಗ್ತಾನೆ.

(4/4)

"ಬರೆದುಕೊಟ್ಟಿದ್ದನ್ನ ನುಡಿಸಿದ್ರು, ದುಡ್ಡು ತಗೊಂಡ್ರು, ಹೆಸರು ಯಾಕೆ?" ಅಂತ ಹಿಂದಿನ ಪೋಸ್ಟ್‌ಗೆ ಒಬ್ಬರು ಕೇಳಿದ್ದಾರೆ. ಒಳ್ಳೇ ಪ್ರಶ್ನೆ. ಎರಡು ಉತ್ತರ.

ಒಂದು, ನಮ್ಮ ಕಚೇರಿ ಪದ್ಧತಿ ನೋಡಿ. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮೋತ್ಸವದ ಆಹ್ವಾನ ಪತ್ರಿಕೆ ತೆಗೀರಿ. ಗಾಯಕರ ಕೆಳಗೆ ಪಿಟೀಲು ಇಂಥವರು, ಮೃದಂಗ ಇಂಥವರು, ಘಟ ಇಂಥವರು. ಮೋರ್ಚಿಂಗ್ ಇದ್ರೆ ಅದಕ್ಕೂ ಒಂದು ಸಾಲು. ಯಾರೂ ಇದನ್ನ ಉಪಕಾರ ಅಂತ ಮಾಡಲ್ಲ, ಅದು ಮರ್ಯಾದೆ. ನಮ್ಮೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು 1983ರಲ್ಲಿ ಚಾರ್ಲಿ ಮರಿಯಾನೊ ಜೊತೆ ಜರ್ಮನಿಯಲ್ಲಿ 'ಜ್ಯೋತಿ' ಅಂತ ರೆಕಾರ್ಡ್ ಮಾಡಿದ್ರು. ಅದರ ಮೇಲೆ ಆರ್.ಎ. ರಮಾಮಣಿ ಹಾಡು, ಟಿ.ಎ.ಎಸ್. ಮಣಿ ಮೃದಂಗ, ಘಟ ಯಾರದ್ದು, ಖಂಜಿರ ಯಾರದ್ದು, ಎಲ್ಲಾ ಸ್ಪಷ್ಟ. ಅದೇ ವರ್ಷ ಬಂದ ಸಿನಿಮಾ ಹಾಡುಗಳ ಕ್ಯಾಸೆಟ್ ಪಕ್ಕದಲ್ಲಿಟ್ಟು ನೋಡಿ, ವ್ಯತ್ಯಾಸ ಗೊತ್ತಾಗುತ್ತೆ.

ಎರಡನೇದು ಕಾನೂನು. ಸ್ವಲ್ಪ ಸಹಿಸ್ಕೊಳ್ಳಿ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯ್ತು. ಸಂಗೀತ ನುಡಿಸೋರೂ ಕಾಯ್ದೆ ಪ್ರಕಾರ 'ಪರ್ಫಾರ್ಮರ್', ಅವರಿಗೆ ಹಕ್ಕುಗಳಿವೆ, ತನ್ನ ಕೆಲಸ ತನ್ನದೇ ಅಂತ ಹೇಳಿಸಿಕೊಳ್ಳೋ ಹಕ್ಕೂ ಇದೆ. ಆದ್ರೆ ಅದೇ ತಿದ್ದುಪಡಿಯಲ್ಲಿ ಒಂದು ಬಾಲ ಇದೆ. ಸಿನಿಮಾದಲ್ಲಿ ಯಾರ ಕೆಲಸ ಸಾಂದರ್ಭಿಕವೋ, ಉದ್ಯಮದ ರೂಢಿ ಪ್ರಕಾರ ಯಾರ ಹೆಸರು ಟೈಟಲ್ ಕಾರ್ಡ್ ಸೇರಿ ಎಲ್ಲೂ ಬರೋದಿಲ್ಲವೋ, ಅವರು ಪರ್ಫಾರ್ಮರ್ ಲೆಕ್ಕಕ್ಕೆ ಬರಲ್ಲ. ತಮ್ಮ ಪ್ರದರ್ಶನವನ್ನ ಯಾರಾದ್ರೂ ವಿರೂಪ ಮಾಡಿದ್ರೆ ಪ್ರಶ್ನಿಸೋ ಹಕ್ಕು ಒಂದು ಮಾತ್ರ ಉಳಿಯುತ್ತೆ.

ಅಂದ್ರೆ ಏನಾಯ್ತು? ಹೆಸರು ಹಾಕೋ ರೂಢಿ ಇಲ್ಲ, ಹಾಗಾಗಿ ಹೆಸರು ಕೇಳೋ ಹಕ್ಕೂ ಕಷ್ಟ. ಇಪ್ಪತ್ತು ಪಿಟೀಲುಗಳ ಸಾಲು "ಸಾಂದರ್ಭಿಕ" ಅಲ್ಲವೇ ಅಲ್ಲ ಅಂತ ವಾದ ಮಾಡಬಹುದು, ನಾನಂತೂ ಮಾಡ್ತೀನಿ. ಆದ್ರೆ ವಾದಕ್ಕೂ ಮೊದಲು ತಾತ ಆ ದಿನ ಆ ಕುರ್ಚಿಯಲ್ಲಿ ಇದ್ರು ಅಂತ ತೋರಿಸಬೇಕಲ್ಲ? ಕಾಲ್‌ಶೀಟ್ ಚೀಟಿಗಳು ಮನೆ ಬದಲಾಯಿಸುವಾಗ ರದ್ದಿಗೆ ಹೋದವಂತೆ.

ಅಮೆರಿಕದಲ್ಲಿ ಮೋಟೌನ್ ಕಂಪನಿಗೆ ಹತ್ತು ವರ್ಷ ಹಿಟ್ ಕೊಟ್ಟ ವಾದ್ಯಗಾರರ ಹೆಸರು ಮೊದಲ ಸಲ ಅಚ್ಚಾದದ್ದು 1971ರಲ್ಲಿ, ಮಾರ್ವಿನ್ ಗೇ ರೆಕಾರ್ಡಿನ ಮೇಲೆ. ನಮ್ಮಲ್ಲಿ ಇವತ್ತು ಕವರ್‌ನಲ್ಲಿ ಜಾಗ ಇಲ್ಲ ಅನ್ನೋ ನೆಪವೂ ಇಲ್ಲ. ಯೂಟ್ಯೂಬ್ ವಿವರಣೆಯಲ್ಲಿ ಪ್ರಾಯೋಜಕರಿಗೆ ಹತ್ತು ಸಾಲು ಸಿಗುತ್ತೆ, ಕೊಳಲಿಗೆ ಒಂದು ಕೊಡಿ. ಕೆಲವು ಹೊಸ ಸಂಗೀತ ನಿರ್ದೇಶಕರು ಕೊಡ್ತಿದ್ದಾರೆ, ಅವರಿಗೆ ನಮಸ್ಕಾರ. ಉಳಿದವರನ್ನ ಕಾಮೆಂಟಿನಲ್ಲಿ ಕೇಳೋದು ನಮ್ಮ ಕೆಲಸ, ಬೈಯದೆ.

ಹಳೇ ಹಾಡುಗಳಿಗೆ ಇರೋದು ಒಂದೇ ದಾರಿ, ನುಡಿಸಿದವರು ಇರುವಾಗಲೇ ಕೂತು ಕೇಳೋದು. ನಿಮ್ಮ ಮನೇಲಿ, ಬೀದೀಲಿ ಆರ್ಕೆಸ್ಟ್ರಾದವರು, ಸ್ಟುಡಿಯೋದವರು ಇದ್ರೆ ಒಂದು ಹಾಡು ಹಾಕಿ, ಫೋನ್ ರೆಕಾರ್ಡಿಂಗ್ ಒತ್ತಿ, ಸುಮ್ಮನಿರಿ. ಅವರೇ ಶುರು ಮಾಡ್ತಾರೆ. ಹೇಳಿದ್ದನ್ನ ಅವರ ಒಪ್ಪಿಗೆ ಇದ್ರೆ ಮಾತ್ರ ಹಾಕಿ, ನೆನಪು ತಪ್ಪಿರಬಹುದು ಅನ್ನೋ ಕಡೆ ಹಾಗೇ ಬರೀರಿ.

ಭಾನುವಾರ ನಾನು ಕೆಳಗಿನ ಮನೆಗೆ ಹೋಗ್ತಿದ್ದೀನಿ, ಹನ್ನೊಂದು ಹಾಡಿನ ಪಟ್ಟಿ ಇದೆ. ತಾತ ಈಗಲೇ ಷರತ್ತು ಹಾಕಿದ್ದಾರೆ: "ನನ್ನ ಹೆಸರು ಆಮೇಲೆ. ಮೊದಲು ಪಕ್ಕದ ಕುರ್ಚಿಯವನದು ಬರ್ಕೋ, ಅವನು ಈಗಿಲ್ಲ."

#ಹಾಡಿನಹಿಂದೆ #ನುಡಿಸಿದವರುಯಾರು #ವಸಂತಪುರ #ಕನ್ನಡಹಾಡು