ಬಡಿಸುವ ಕೈ

“ಬಡಿಸುವವನು ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕುಳಿತರೇನು?” ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆಡುವಾಗ ನಾವು ನಗುತ್ತೇವೆ. ಆದರೆ ಅದರ ಇನ್ನೊಂದು ಮಗ್ಗುಲು ನಗುವಂಥದಲ್ಲ. ಬಡಿಸುವವನು ನಮ್ಮವನಲ್ಲದಿದ್ದರೆ ಮೊದಲ ಪಂಕ್ತಿಯಲ್ಲಿ ಕುಳಿತೂ ಅರೆಹೊಟ್ಟೆಯಲ್ಲಿ ಏಳಬೇಕಾದೀತು ಎಂಬುದು ಅದರೊಳಗಿನ ಧ್ವನಿ. ಇದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಪಂಕ್ತಿಭೇದ. ಒಂದೇ ಸಾಲಿನಲ್ಲಿ ಕುಳಿತವರಲ್ಲಿ ಒಬ್ಬನ ಎಲೆಗೆ ತುಪ್ಪವು ಧಾರೆಯಾಗಿಯೂ ಮತ್ತೊಬ್ಬನ ಎಲೆಗೆ ತೊಟ್ಟಾಗಿಯೂ ಬೀಳುವುದನ್ನು ಅವರು ಪಾಪವೆಂದೇ ಎಣಿಸಿದರು. ಸಾರಿಗೆ ಉಪ್ಪು ಹೆಚ್ಚಾದರೆ ಅದು ಕೈತಪ್ಪು. ಬಡಿಸುವುದರಲ್ಲಿ ಭೇದ ಬಂದರೆ ಅದು ಮನಸ್ಸಿನ ತಪ್ಪು. ಈ ವಿವೇಚನೆ ಎಷ್ಟು ಸೂಕ್ಷ್ಮವಾದುದೆಂಬುದು ನನಗೆ ಮನವರಿಕೆಯಾದದ್ದು ಎಲೆಯೂ ಇಲ್ಲದ, ಪಂಕ್ತಿಯೂ ಇಲ್ಲದ ಪ್ಯಾರಿಸ್ ನಗರದ ಒಂದು ಭೋಜನಶಾಲೆಯಲ್ಲಿ.

ಅಲ್ಲಿ ಉದ್ಯೋಗದಲ್ಲಿರುವ ಬಾಲ್ಯದ ಗೆಳೆಯನೊಬ್ಬನ ಮನೆಯಲ್ಲಿ ಬೇಸಗೆಯ ರಜೆಯ ಹತ್ತು ದಿನಗಳನ್ನು ಕಳೆದಿದ್ದೆ. ಒಂದು ಸಂಜೆ ಅವನು ನನ್ನನ್ನು ಸ್ಟೇಕಿಗೆ ಹೆಸರಾದ ಆ ಸ್ಥಳಕ್ಕೆ ಕರೆದೊಯ್ದನು. ಸ್ಟೇಕ್ ಎಂದರೆ ದನದ ಮಾಂಸದ ದಪ್ಪ ಹೋಳನ್ನು ಚೆನ್ನಾಗಿ ಕಾದ ಕಬ್ಬಿಣದ ಮೇಲೆ ಬೇಯಿಸಿದ ಭಕ್ಷ್ಯ. ಅದನ್ನು ಉಣ್ಣುವವರೂ ಒಲ್ಲದವರೂ ನಮ್ಮ ವಾಚಕರಲ್ಲಿದ್ದಾರೆ. ಒಲ್ಲದವರು ಪುಟವನ್ನು ಮಗುಚಬೇಕಾಗಿಲ್ಲ. ಇಲ್ಲಿಯ ವಿಚಾರಣೆ ತಟ್ಟೆಗಿಂತ ಹೆಚ್ಚಾಗಿ ತಟ್ಟೆಯನ್ನು ತರುವ ಕೈಯನ್ನು ಕುರಿತದ್ದು.

ಅಡಿಗೆಯ ವಿಷಯದಲ್ಲಿ ದೂರಿಲ್ಲ. ಸ್ಟೇಕಿನ ಪಾಕಕ್ಕೆ ಫ್ರೆಂಚರು ನಾಲ್ಕು ಹದಗಳನ್ನು ಹೇಳುತ್ತಾರೆ. ಹೊರಮೈ ಮಾತ್ರ ಬಿಸಿಯುಂಡದ್ದು ‘ಬ್ಲೂ’. ಒಳಗೆ ಕೆಂಪು ಉಳಿದದ್ದು ‘ಸೆನ್ಯಾಂ’. ನಡುಹದದ್ದು ‘ಆ ಪ್ವಾಂ’. ಪೂರ್ತಿ ಬೆಂದದ್ದು ‘ಬಿಯಾಂ ಕ್ವಿ’. ಅವರ ನಡುಹದವು ಇಂಗ್ಲಿಷರ ನಡುಹದಕ್ಕಿಂತ ಕೆಂಪಾಗಿರುತ್ತದೆ. ಒಲೆಯಿಂದ ಇಳಿಸಿದ ಹೋಳನ್ನು ಕೆಲವು ನಿಮಿಷ ಸುಮ್ಮನೆ ಬಿಟ್ಟರೆ ಅದರ ರಸವು ಒಳಗೇ ನಿಲ್ಲುತ್ತದೆ. ಕೂಡಲೇ ಕೊಯ್ದರೆ ತಟ್ಟೆಗೆ ಹರಿದುಹೋಗುತ್ತದೆ. ಜೊತೆಯಲ್ಲಿ ಬರುವ ಆಲೂಗಡ್ಡೆಯನ್ನು ಎರಡು ಸಲ ಕರಿಯುತ್ತಾರೆ: ಮೊದಲು ಸಾಧಾರಣ ಕಾವಿನಲ್ಲಿ ಒಳಗೆ ಬೇಯುವಂತೆ, ಬಳಿಕ ಹೆಚ್ಚು ಕಾವಿನಲ್ಲಿ ಹೊರಗೆ ಗರಿಯಾಗುವಂತೆ. ಮೊಟ್ಟೆಯ ಹಳದಿ, ಬೆಣ್ಣೆ, ವಿನಿಗರ್, ಒಂದು ಬಗೆಯ ಸುಗಂಧದ ಸೊಪ್ಪು ಇವುಗಳಿಂದಾದ ಬೆಯರ್ನೇಸ್ ಎಂಬ ಗೊಜ್ಜು ಅದಕ್ಕೆ ನಂಟು. 1957ರಲ್ಲಿ ಪ್ರಕಟವಾದ ‘ಮಿಥಾಲಜೀಸ್’ ಎಂಬ ಗ್ರಂಥದಲ್ಲಿ ರೋಲಾಂ ಬಾರ್ತ್ ಎಂಬ ವಿದ್ವಾಂಸನು ಸ್ಟೇಕು ಮತ್ತು ಕರಿದ ಆಲೂಗಡ್ಡೆಯ ಮೇಲೆಯೇ ಒಂದು ಪ್ರಬಂಧ ಬರೆದಿದ್ದಾನೆ. ಫ್ರೆಂಚರು ಅದರಲ್ಲಿ ತಮ್ಮ ರಾಷ್ಟ್ರೀಯತೆಯನ್ನೇ ಕಾಣುತ್ತಾರೆಂಬುದು ಅವನ ವಾದ. ಅಂದಿನ ತಟ್ಟೆಯನ್ನು ಕಂಡ ಮೇಲೆ ನಾನು ಅದನ್ನು ನಿರಾಕರಿಸಲಾರೆ.

ಆದರೆ ಈ ಭಕ್ಷ್ಯ ಕಾಯುವ ಜಾತಿಯದಲ್ಲ. ನಮ್ಮ ಹುಳಿ ಆರಿದರೆ ಮತ್ತೆ ಬಿಸಿಮಾಡಬಹುದು. ಹದವಾಗಿ ಬೆಂದ ಸ್ಟೇಕನ್ನು ಮತ್ತೆ ಒಲೆಗೇರಿಸಿದರೆ ಹದವೇ ಕೆಡುತ್ತದೆ. ಆದ್ದರಿಂದ ಬಡಿಸುವವನ ಕಾಲಿನ ವೇಗವೂ ರುಚಿಯ ಒಂದು ಅಂಗ. ನಮ್ಮ ಬಲಗಡೆಯ ಪುಟ್ಟ ಮೇಜಿನಲ್ಲಿ ವೃದ್ಧೆಯೊಬ್ಬಳು ಒಂಟಿಯಾಗಿ ಕುಳಿತಿದ್ದಳು. ಆಕೆಯ ತಟ್ಟೆ ಬಂದಿತ್ತು, ಗೊಜ್ಜು ಬಂದಿರಲಿಲ್ಲ. ಎರಡು ಸಲ ಕೈಯೆತ್ತಿದಳು. ಮಾಣಿ ಇಬ್ಬದಿಯಲ್ಲೂ ಹಾದುಹೋದನೇ ಹೊರತು ನಿಲ್ಲಲಿಲ್ಲ. ಕಿಟಕಿಯ ಬಳಿ ಪರಿಚಿತರ ಗುಂಪೊಂದಿತ್ತು. ಅಲ್ಲಿ ಬ್ರೆಡ್ಡಿನ ಬುಟ್ಟಿ ಬರಿದಾಗುವ ಮೊದಲೇ ತುಂಬುತ್ತಿತ್ತು. ಅವನು ಅವರ ಹಾಸ್ಯಕ್ಕೆ ನಿಂತು ನಗುತ್ತಿದ್ದನು. ನಮಗೆ ನೀರು ಬಂದದ್ದು ಮೂರನೆಯ ಸಲ ಕೇಳಿದ ಮೇಲೆ. ಅಂತೂ ಅವನು ನಮ್ಮ ಮೇಜಿಗೆ ಬಂದಾಗ ಗೆಳೆಯನು, “ಮೊದಲು ಆ ತಾಯಿಗೆ ಏನು ಬೇಕೋ ಕೊಡಪ್ಪ” ಎಂಬರ್ಥದ ಮಾತನ್ನು ಫ್ರೆಂಚಿನಲ್ಲಿ ಹೇಳಿದನು. ಗೊಜ್ಜು ಬಂದಿತು. ಆ ವೇಳೆಗೆ ಆಕೆ ಅರ್ಧ ಹೋಳನ್ನು ತಣ್ಣಗಾದಂತೆಯೇ ತಿಂದಿದ್ದಳು. ನಮ್ಮ ಕಡೆ ತಿರುಗಿ ಸ್ವಲ್ಪವೇ ತಲೆಬಾಗಿಸಿದಳು. ಎಲ್ಲರಷ್ಟೇ ಬೆಲೆಯನ್ನು ಆಕೆಯೂ ತೆರುವವಳಿದ್ದಳು.

ವಿಪರ್ಯಾಸವೇನೆಂದರೆ, ರೆಸ್ಟೋರೆಂಟ್ ಎಂಬ ಸಂಸ್ಥೆ ಆ ಪ್ಯಾರಿಸ್ಸಿನಲ್ಲಿ ಬೆಳೆದು ಬಂದದ್ದೇ ಇಂಥ ಭೇದವನ್ನು ಕಳೆಯುವ ದಾರಿಯಲ್ಲಿ. ಅದಕ್ಕೆ ಮುಂಚೆ ಅಲ್ಲಿಯ ಛತ್ರಗಳಲ್ಲಿ ಗೊತ್ತಾದ ಹೊತ್ತಿಗೆ ಒಂದೇ ದೊಡ್ಡ ಮೇಜಿನಲ್ಲಿ ಊಟ. ಪಾತ್ರೆಯ ಸಮೀಪದಲ್ಲಿ ಕುಳಿತವನಿಗೆ ಒಳ್ಳೆಯ ತುಂಡು, ದೂರದ ಪರದೇಶಿಗೆ ಉಳಿದದ್ದು. 18ನೆಯ ಶತಮಾನದ ಉತ್ತರಾರ್ಧದಲ್ಲಿ ‘ರೆಸ್ಟೋರೆಂಟ್’ ಎಂಬ ಹೆಸರಿನ, ಎಂದರೆ ದೇಹಕ್ಕೆ ಚೇತರಿಕೆ ಕೊಡುವ, ಒಂದು ಬಗೆಯ ಕಷಾಯದಂಥ ಸಾರನ್ನು ಮಾರುವ ಅಂಗಡಿಗಳು ಹುಟ್ಟಿದವು. ಸಾರಿನ ಹೆಸರು ಕ್ರಮೇಣ ಅಂಗಡಿಗೆ ಅಂಟಿತು. ಅಲ್ಲಿ ಬಂದವನಿಗೆ ಪ್ರತ್ಯೇಕ ಮೇಜು, ಬಂದ ಹೊತ್ತಿಗೆ ಊಟ, ಬೆಲೆ ಬರೆದ ಪಟ್ಟಿ. 1789ರ ಮಹಾಕ್ರಾಂತಿಯ ಅನಂತರ ಇವು ಊರೆಲ್ಲ ಹಬ್ಬಿದವು. ಶ್ರೀಮಂತರ ಔತಣಗಳಲ್ಲಿಯೂ ಎಲ್ಲ ಭಕ್ಷ್ಯಗಳನ್ನು ಒಮ್ಮೆಗೇ ಮೇಜಿನ ಮೇಲೆ ಹರಡುತ್ತಿದ್ದ ಹಳೆಯ ಪದ್ಧತಿ ಹೋಗಿ, ಒಂದಾದ ಮೇಲೊಂದರಂತೆ ಪ್ರತಿಯೊಬ್ಬನಿಗೂ ಬಡಿಸುವ ‘ರಷ್ಯನ್ ಪದ್ಧತಿ’ 19ನೆಯ ಶತಮಾನದಲ್ಲಿ ಬೇರೂರಿತು. ನಮ್ಮ ಮದುವೆಮನೆಯ ಪಂಕ್ತಿಯನ್ನು ಬಲ್ಲವರಿಗೆ ಇದು ಹೊಸತೆನಿಸದು.

ಹಾಗಾದರೆ ಅಡಿಗೆಮನೆಯಲ್ಲಿ ಇಷ್ಟು ಶಿಸ್ತು, ಅಂಗಳದಲ್ಲಿ ಇಷ್ಟು ಅವ್ಯವಸ್ಥೆ ಏಕೆ? ಅಡಿಗೆಮನೆಯನ್ನು ದಂಡಿನಂತೆ ಕಟ್ಟಿದವನು ಆಗಸ್ಟ್ ಎಸ್ಕೋಫಿಯೆ (1846–1935). ಗೊಜ್ಜಿಗೊಬ್ಬ, ಸುಡುವುದಕ್ಕೊಬ್ಬ, ತರಕಾರಿಗೊಬ್ಬ, ಎಲ್ಲರ ಮೇಲೊಬ್ಬ ದಳಪತಿ ಎಂದು ಅವನು ಕೆಲಸವನ್ನು ಹಂಚಿದನು. ಬಡಿಸುವವರಲ್ಲಿಯೂ ಇಂಥ ಶ್ರೇಣಿಗಳುಂಟು. ಆದರೆ ಖರ್ಚು ಉಳಿಸಬೇಕಾದಾಗ ಮೊದಲು ಕರಗುವುದು ಈ ಸಾಲು. ಹೊಗಳುವವರ ಕಣ್ಣೂ ಒಲೆಯ ಕಡೆಗೇ. ಮಿಷಲಿನ್ ಎಂಬ ಟೈರು ಕಂಪೆನಿ 1900ರಲ್ಲಿ ಮಾರ್ಗದರ್ಶಿಯೊಂದನ್ನು ಹೊರಡಿಸಿ, 1926ರಿಂದ ಭೋಜನಶಾಲೆಗಳಿಗೆ ತಾರೆಗಳನ್ನು ಕೊಡುತ್ತ ಬಂದಿದೆ. ಆ ತಾರೆ ತಟ್ಟೆಯಲ್ಲಿರುವ ಅಡಿಗೆಗೆ ಮಾತ್ರ. ತಟ್ಟೆ ಹೇಗೆ ಬಂದಿತೆಂಬುದಕ್ಕಲ್ಲ.

ತೀರ್ಪು ಕೊಡುವ ಮುನ್ನ ಪರದೇಶದ ನಡೆಯನ್ನು ಅರಿಯುವುದು ನ್ಯಾಯ. ಅಲ್ಲಿ ನಮಗೆ ಉಪೇಕ್ಷೆಯಂತೆ ತೋರುವ ಎಷ್ಟೋ ಸಂಗತಿಗಳು ಮರ್ಯಾದೆಯೇ ಆಗಿವೆ. ಊಟ ಮುಗಿಸಿ ನಾನು ಚಡಪಡಿಸುತ್ತಿರಲು ಗೆಳೆಯನು, “ಇಲ್ಲಿ ಬಿಲ್ಲು ತಾನಾಗಿ ಬಾರದು ಮಾರಾಯ, ಕೇಳಬೇಕು” ಎಂದನು. ಕೇಳದೆ ಬಿಲ್ಲು ತಂದಿಡುವುದೆಂದರೆ ಅತಿಥಿಯನ್ನು ಎಬ್ಬಿಸಿದಂತೆ. ಒಳಗೆ ಕಾಲಿಟ್ಟೊಡನೆ ‘ಬೋಂಜೂರ್’ ಎಂದು ನಮಸ್ಕರಿಸದವನನ್ನು ಅವರು ಒರಟನೆಂದೇ ಎಣಿಸುತ್ತಾರೆ. ಬಡಿಸುವವನು ಸೇವಕನಲ್ಲ, ವೃತ್ತಿಯವನು ಎಂಬ ಅಭಿಮಾನ ಅದರ ಹಿಂದಿದೆ. ಬಡಿಸುವಿಕೆಯ ಶುಲ್ಕವು ಬೆಲೆಪಟ್ಟಿಯಲ್ಲಿಯೇ ಸೇರಿರಬೇಕೆಂದು 1987ರಲ್ಲಿ ಸರಕಾರ ಆಜ್ಞೆ ಮಾಡಿತು. ಭಕ್ಷೀಸನ್ನು ಬಿಡುವುದು ಬಿಡದಿರುವುದು ಅತಿಥಿಯ ಇಚ್ಛೆ. ಚಿಲ್ಲರೆಯ ಆಸೆಗಾಗಿ ಹಲ್ಲುಗಿಂಜಬೇಕಾದ ದೈನ್ಯ ಅವನಿಗಿಲ್ಲ. ಇದನ್ನು ನಾನು ಮೆಚ್ಚುತ್ತೇನೆ. ನಗುವನ್ನು ನಾಣ್ಯಕ್ಕೆ ಕೊಳ್ಳುವ ಏರ್ಪಾಡಿಗಿಂತ ಇದು ಮನುಷ್ಯತ್ವಕ್ಕೆ ಹತ್ತಿರ.

ಅಂದಿನ ಮಾಣಿಗೂ ಒಂದು ಸಮಾಧಾನವಿತ್ತು. ಅವನ ಜೊತೆಗಾರ ಆ ಸಂಜೆ ಬಂದಿರಲಿಲ್ಲವಂತೆ. ಆದರೂ ಯಜಮಾನನು ಬಂದವರನ್ನೆಲ್ಲ ಕೂರಿಸುತ್ತಲೇ ಇದ್ದನು. ನಾಲ್ಕು ಕೈಗಳ ಕೆಲಸಕ್ಕೆ ಎರಡು ಕೈಗಳನ್ನು ನಿಲ್ಲಿಸಿ, ತಾನು ಹಣದ ಪೆಟ್ಟಿಗೆಯ ಹಿಂದೆ ನಿಂತಿದ್ದನು. ನೀರು ತಡವಾದುದಕ್ಕೆ ಆ ಹುಡುಗನನ್ನು ಬೈಯುವುದು ಅನ್ಯಾಯ. ಅದರ ಹೊಣೆ ಪೆಟ್ಟಿಗೆಯ ಬಳಿ ಇದೆ. ಆದರೆ ಕೈಗಳ ಕೊರತೆ ತಡವನ್ನು ವಿವರಿಸುತ್ತದೆ, ಭೇದವನ್ನು ವಿವರಿಸುವುದಿಲ್ಲ. ಕೊರತೆ ಎಂಬುದು ಎಲ್ಲ ಮೇಜುಗಳಿಗೂ ಸಮನಾಗಿ ತಟ್ಟಬೇಕಾಗಿತ್ತು. ಕಿಟಕಿಯ ಬಳಿಯವರಿಗೆ ಅದು ತಟ್ಟದೆ, ಒಂಟಿ ಮುದುಕಿಗೆ ಇಮ್ಮಡಿಯಾಗಿ ತಟ್ಟಿತು. ಇದ್ದ ಸ್ವಲ್ಪ ಹೊತ್ತನ್ನು ಹಂಚುವಾಗ ಅವನು ತನ್ನವರನ್ನು ಆರಿಸಿದನು. ಆ ಆಯ್ಕೆ ಅವನದೇ.

ಇದನ್ನು ಬರೆಯುವಾಗ ಫ್ರೆಂಚರಿಗೆ ಉಪದೇಶ ಮಾಡುವ ಅಧಿಕಾರ ನಮಗೆಷ್ಟಿದೆ ಎಂಬ ಪ್ರಶ್ನೆ ಏಳದೆ ಇರದು. ಪಂಕ್ತಿಭೇದವನ್ನು ಪಾಪವೆಂದ ನಾವೇ ಜಾತಿಯ ಹೆಸರಿನಲ್ಲಿ ಪಂಕ್ತಿಗಳನ್ನೇ ಬೇರೆ ಮಾಡಿದೆವು. ಸಾಲಿನೊಳಗೆ ಸಮತೆ, ಸಾಲಿನ ಹೊರಗೆ ಅಂಗಳ! ಹೋಟೆಲುಗಳು ಬಂದು ಆ ಗೋಡೆಯನ್ನು ಮೆಲ್ಲಮೆಲ್ಲನೆ ಸಡಿಲಿಸಿದವು. ಬೆಂಗಳೂರಿನ ದರ್ಶಿನಿಗಳಂತೂ ಬಡಿಸುವವನನ್ನೇ ತೆಗೆದುಹಾಕಿ, ಚೀಟಿ ಕೊಟ್ಟವನಿಗೆ ದೋಸೆ ಎಂಬ ಸರಳ ನ್ಯಾಯವನ್ನು ಸ್ಥಾಪಿಸಿವೆ. ಅಲ್ಲಿ ಭೇದವಿಲ್ಲ, ನಿಜ. ಆದರೆ “ಇನ್ನೊಂದು ಸ್ವಲ್ಪ ಹಾಕಲೇ?” ಎಂದು ಕೇಳುವ ಕೊರಳೂ ಇಲ್ಲ. ಭೇದವನ್ನು ಕಳೆಯಲು ಕೈಯನ್ನೇ ಕಳೆಯಬೇಕೆಂದರೆ ಅದು ತುಟ್ಟಿಯ ಔಷಧ.

ಪಾಕಶಾಸ್ತ್ರವನ್ನು ಕಲಿಸುವ ಶಾಲೆಗಳು ಜಗತ್ತಿನಲ್ಲಿ ಎಷ್ಟೋ ಇವೆ. ಬಡಿಸುವ ಕಲೆಗೆ ಮೂಲಪಾಠ ಒಂದೇ: ಸಾಲಿನ ಕೊನೆಯವನನ್ನು ಮೊದಲು ನೋಡುವುದು. ನಮ್ಮೂರ ಮದುವೆಮನೆಗಳಲ್ಲಿ ಒಳ್ಳೆಯ ಬಡಿಸುವವರು ಯಾರ ಎಲೆಯಲ್ಲಿ ಏನಿಲ್ಲವೆಂಬುದನ್ನು ಕೇಳಿಸಿಕೊಳ್ಳದೆ ಕಾಣಬಲ್ಲವರು. ಮುಂದಿನ ಸಲ ಊಟಕ್ಕೆ ಕುಳಿತಾಗ, ವಾಚಕರು ತಮ್ಮ ಎಲೆಗೆ ತುಪ್ಪ ಬಿದ್ದ ಮೇಲೆ ಪಕ್ಕದ ಎಲೆಯ ಕಡೆಗೊಮ್ಮೆ ಕಣ್ಣುಹಾಯಿಸಲಿ. ಅಲ್ಲಿ ಬಿದ್ದಿಲ್ಲವಾದರೆ ಬಡಿಸುವವನನ್ನು ಕರೆಯುವ ಕೆಲಸ ಉಂಡವನದು. ಹಸಿದವನು ಸಾಮಾನ್ಯವಾಗಿ ಸಂಕೋಚದವನಾಗಿರುತ್ತಾನೆ.