ಲಾಂಛನದ ಜೊತೆಗೆ ಮರದ ಹೆಸರೂ ಇರಲಿ



ಕೈಯಿಂದ ಕಡೆದ ಮರದ ಪೆನ್ನು. ಅದರ ಮೈಮೇಲೆ ಲೇಸರ್‌ನಿಂದ ಬರೆದ ಕಂಪನಿಯ ಲಾಂಛನ. ಗ್ರಾಹಕರಿಗೆ ಹಂಚುವ ಈ ಉಡುಗೊರೆಗೆ ‘ಪರಿಸರಸ್ನೇಹಿ’ ಎಂಬ ಬಿರುದು ಬೇರೆ. ನಮ್ಮದು ಒಂದೇ ಪ್ರಶ್ನೆ: ಆ ಮರ ಯಾವುದು, ಎಲ್ಲಿಯದು?

ಬೀಟೆಯೇ ಬೇಕೆಂಬ ಹಟ ಅವಿವೇಕದ್ದು. ಪಶ್ಚಿಮಘಟ್ಟದ ಈ ಮರ ಅಳಿವಿನತ್ತ ಸರಿಯುತ್ತಿದೆ. 2017ರಿಂದ ಅದರ ವಿದೇಶ ವ್ಯಾಪಾರ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ. ಇಷ್ಟಕ್ಕೂ ಲೇಸರ್ ಬರೆಯುವುದು ಮರವನ್ನು ಸುಟ್ಟು. ಕಪ್ಪು ಬೀಟೆಯ ಮೇಲೆ ಸುಟ್ಟ ಗುರುತು ಎದ್ದು ಕಾಣದು. ತಿಳಿಬಣ್ಣದ ಮರದ ಮೇಲೆಯೇ ಅದು ಸ್ಪಷ್ಟ. ಚನ್ನಪಟ್ಟಣದ ಬೊಂಬೆಗಾರರು ಬಿಳಿಯ ಹಾಲೆಮರವನ್ನು ನೆಚ್ಚಿಯೇ ಲೋಕಪ್ರಸಿದ್ಧರಾಗಲಿಲ್ಲವೇ?

ಶ್ರೀನಿವಾಸಪುರ, ಮುಳಬಾಗಿಲಿನ ತೋಪುಗಳಲ್ಲಿ ಉರುಳಿದ ಮುದಿಮಾವು ಸೌದೆಯ ಬೆಲೆಗೆ ಹೋಗುತ್ತದೆ. ಪೆನ್ನಿಗೆ ಗೇಣುದ್ದದ ಒಣ ತುಂಡು ಸಾಕು. ಅದಕ್ಕೆ ರೈತನಿಗೆ ಬೆಲೆ ಸಿಗಲಿ, ಊರ ಬಡಗಿಗೆ ಕೆಲಸ ಸಿಗಲಿ. ಆದರೆ ಎಚ್ಚರ! ಪೆನ್ನಿನ ನೆಪದಲ್ಲಿ ಅಂತರಗಂಗೆ ಬೆಟ್ಟದ ಕುರುಚಲು ಕಾಡಿಗೆ ಕೊಡಲಿ ಬೀಳಬಾರದು. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿದ ನೀಲಗಿರಿಯೂ ಮರದ ಬೇಡಿಕೆಯ ಹೆಸರಿನಲ್ಲಿ ಮರಳಬಾರದು. ವರ್ಷವಿಡೀ ಹರಿಯುವ ನದಿಯಿಲ್ಲದ, ಕೊಳವೆಬಾವಿ ಸಾವಿರ ಅಡಿ ದಾಟಿದ ಈ ಜಿಲ್ಲೆ ತೆತ್ತ ಬೆಲೆ ಸಾಕು.

ನರಸಾಪುರ, ಮಾಲೂರಿನ ಕೈಗಾರಿಕೆಗಳಿಗೆ ನಮ್ಮ ಆಗ್ರಹವಿಷ್ಟು: ಪೆನ್ನಿನ ಒಂದು ಮಗ್ಗುಲಲ್ಲಿ ನಿಮ್ಮ ಲಾಂಛನವಿರಲಿ, ಇನ್ನೊಂದರಲ್ಲಿ ಮರದ ಹೆಸರು, ಅದು ಬೆಳೆದ ಊರಿನ ಹೆಸರು ಇರಲಿ. ಹೆಸರು ಹೇಳಲಾಗದ ಮರದ ಪೆನ್ನನ್ನು ಕೊಳ್ಳಬೇಡಿರಿ.

ವಿದ್ಯಾರ್ಥಿಗಳೇ, ಸಮಾರಂಭಗಳಲ್ಲಿ ಇಂಥ ಪೆನ್ನು ಕೈಗೆ ಬಂದರೆ ಧನ್ಯವಾದ ಹೇಳುವ ಮುನ್ನ ಕೇಳಿರಿ: ಇದು ಯಾವ ಮರ?